ಬಿಳಿ ದಾರದ ಎಂಟು ಕೊಳವೆಗಳು

ಜೂನ್ 3 (ಮದುವೆಯಾಗಿ ಹನ್ನೊಂದನೇ ದಿನ!!)

ರಜೆ ಮುಗಿಯಿತು. ಆದರೆ ನನಗೆ ಬೇಜಾರೇ ಇಲ್ಲ! ಕೆಲಸಕ್ಕೆ ಹೊರಟ ಗಂಡನಿಗೆ ಬಾಗಿಲಲ್ಲಿ ನಿಂತು ಕೈ ಬೀಸುವ ಕಷ್ಟ ಬೇರೆ ಹುಡುಗಿಯರಿಗಿರಲಿ. ನಾವು ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಕುಳಿತು, ಒಂದೇ ಆಸ್ಪತ್ರೆಯ ಗೇಟಿನೊಳಗೆ ಹೋದೆವು. ಇವರು ಎಡಕ್ಕೆ ಮಷೀನ್ ರೂಮಿಗೆ, ನಾನು ಬಲಕ್ಕೆ ಲ್ಯಾಬಿಗೆ. ತಿರುಗುವ ಮುಂಚೆ ಇವರು ಒಂದು ಹುಬ್ಬು ಹಾರಿಸಿದರು. ಆ ಹುಬ್ಬಿನಲ್ಲೇ ನನ್ನ ಬೆಳಗು ಕಳೆದುಹೋಯಿತು. ಎರಡು ಬಾಟಲಿಗೆ ಒಂದೇ ನಂಬರ್ ಅಂಟಿಸಿಬಿಟ್ಟೆ.

ಅತ್ತೆಯೂ ಅಲ್ಲೇ. ನೆಲಮಾಳಿಗೆಯ ಕೊನೆಯ ಕೋಣೆ, ಅದರಲ್ಲೊಂದು ಉದ್ದನೆಯ ಸ್ಟೀಲ್ ತೊಟ್ಟಿ, ಅದರ ಒಡತಿ ನಮ್ಮತ್ತೆ. ರೋಗಿಗಳ ಮೂಗಿಗೆ ಬಾಯಿಗೆ ಹಾಕುವ ಮಾಸ್ಕು, ವೆಂಟಿಲೇಟರಿನಿಂದ ಉಸಿರು ತರುವ ಸುಕ್ಕುಸುಕ್ಕಾದ ಕೊಳವೆ, ಯಾವುದೇ ಆಗಲಿ, ಒಬ್ಬರಿಗೆ ಬಳಸಿದ್ದನ್ನು ಇನ್ನೊಬ್ಬರಿಗೆ ಹಾಕುವ ಮೊದಲು ಅತ್ತೆಯ ಔಷಧಿ ನೀರಿನಲ್ಲಿ ಇಪ್ಪತ್ತು ನಿಮಿಷ ಮುಳುಗಿ ಏಳಬೇಕು. ಇಪ್ಪತ್ತೆರಡು ವರ್ಷದಿಂದ ಇದೇ ಪದ್ಧತಿ. ಆರು ತಿಂಗಳ ಹಿಂದೆ ಎಂಬತ್ತು ಡಿಗ್ರಿ ಬಿಸಿನೀರಿನಲ್ಲಿ ತೊಳೆಯುವ ಮಷೀನು ಬಂತು. ಅದನ್ನು ನಡೆಸಲು ಕಂಪನಿಯವರು ಕಳಿಸಿದ್ದು ಅತ್ತೆಯ ಮಗನನ್ನೇ, ಅಂದರೆ ನನ್ನ ಇವರನ್ನೇ! ಈಗ ಅರ್ಧ ಕೊಳವೆ ಅಮ್ಮನಿಗೆ, ಅರ್ಧ ಮಗನಿಗೆ.

ನನ್ನನ್ನು ಸೊಸೆಯಾಗಿ ಆರಿಸಿದ್ದೂ ಅತ್ತೆ. ಲ್ಯಾಬಿನ ಬೇಸಿನ್ನಿನಲ್ಲಿ ನಾನು ಮೊಣಕೈವರೆಗೆ ಕೈ ತೊಳೆಯುವುದನ್ನು ಬಾಗಿಲಲ್ಲಿ ನಿಂತು ನೋಡಿ, "ಇನ್ನೇನೂ ವಿಚಾರಿಸೋದು ಬೇಡ, ಈ ಹುಡುಗೀನೇ" ಎಂದರಂತೆ.

ಮನೆಯಲ್ಲಿ ಅತ್ತೆ ಚಮಚಗಳನ್ನು ನೆನೆಹಾಕುತ್ತಾರೆ. ಅವರು ಆಚೆ ಹೋದ ಕೂಡಲೇ ಇವರು ಅವುಗಳ ಮೇಲೆ ಕುದಿಯುವ ನೀರು ಸುರಿಯುತ್ತಾರೆ. ಎಷ್ಟು ಮುದ್ದಾದ ಮನೆ!

ಜೂನ್ 5 (ಹದಿಮೂರನೇ ದಿನ)

ದೊಡ್ಡ ಡಾಕ್ಟರು ಕರೆಸಿದ್ದರು. ಅವರಿಗೆ ಆಸ್ಪತ್ರೆಯಲ್ಲಿ "ಒಂದೇ ಪುಟ" ಎಂದು ಹೆಸರು, ಏಕೆಂದರೆ ಎರಡನೇ ಪುಟವನ್ನು ಅವರು ಜನ್ಮದಲ್ಲಿ ತಿರುವಿಲ್ಲ.

"ತೊಟ್ಟಿ, ಮಷೀನು ಎರಡನ್ನೂ ಸಾಕಕ್ಕೆ ಆಗಲ್ಲ. ಒಂದನ್ನ ಇಟ್ಕೊಂಡು ಒಂದನ್ನ ಮುಚ್ತೀನಿ. ಯಾವ್ದು ಚೆನ್ನಾಗಿ ಸೂಕ್ಷ್ಮಾಣು ಕೊಲ್ಲತ್ತೆ ಅಂತ ನೀನು ಪರೀಕ್ಷೆ ಮಾಡಿ ಹೇಳು."

"ಸಾರ್, ನಾನು ಆ ಮನೆ ಸೊಸೆ..."

"ಮದುವೆಯಾಗಿ ಎಷ್ಟು ದಿನ ಆಯ್ತು?"

"ಹದಿಮೂರು ಸಾರ್."

"ಅದಕ್ಕೇ ನಿನ್ನ ಕರೆದಿದ್ದು. ಆರು ತಿಂಗಳಾದ್ಮೇಲೆ ಒಂದು ಕಡೆ ವಾಲಿರ್ತೀಯ. ಈಗ ನೀನು ಯಾರವಳೂ ಅಲ್ಲ."

ಈ ಮಾತಿನಲ್ಲಿ ನ್ಯಾಯವಿದೆಯೋ ಇಲ್ಲವೋ ಎಂದು ಮೆಟ್ಟಿಲಿಳಿಯುತ್ತಾ ಯೋಚಿಸಿದೆ. ತೊಟ್ಟಿ ಮುಚ್ಚಿದರೆ, ನಿವೃತ್ತಿಗೆ ಮೂರು ವರ್ಷವಿರುವ ಅತ್ತೆ ಲಾಂಡ್ರಿಯಲ್ಲಿ ಹೊದಿಕೆ ಮಡಚಬೇಕು. ಮಷೀನು ಮುಚ್ಚಿದರೆ ಅದು ಕಂಪನಿಗೆ ವಾಪಸ್ಸು, ಅದರ ಜೊತೆಗೆ ಇವರೂ ವಾಪಸ್ಸು. ಕಂಪನಿ ಇರುವುದು ಎಂಟು ಗಂಟೆಯ ದಾರಿ. ಅತ್ತೆಯ ತೊಟ್ಟಿ ಇಲ್ಲವೇ ನನ್ನ ಗಂಡ! ಸ್ಕೂಲಿನಲ್ಲಿ ನನಗೆ ಕಷ್ಟವಾಗುತ್ತಿದ್ದದ್ದು "ಸರಿಯಾದ ಉತ್ತರ ಆರಿಸಿ" ಎನ್ನುವ ಪ್ರಶ್ನೆಗಳೇ.

ಜೂನ್ 6 (ಹದಿನಾಲ್ಕನೇ ದಿನ)

ಪರೀಕ್ಷೆ ಶುರು! ಒಂದೇ ಥರ ಬಳಕೆಯಾದ ಇಪ್ಪತ್ನಾಲ್ಕು ಕೊಳವೆ ತೆಗೆದುಕೊಂಡೆ. ಎಲ್ಲಕ್ಕೂ ಮೊದಲು ಸೋಪಿನ ನೀರು. ಆಮೇಲೆ ಕೆಂಪು ದಾರ ಕಟ್ಟಿದ ಎಂಟು ಅತ್ತೆಯ ತೊಟ್ಟಿಗೆ, ನೀಲಿ ದಾರದ ಎಂಟು ಇವರ ಮಷೀನಿಗೆ. ಬಿಳಿ ದಾರದ ಎಂಟಕ್ಕೆ ಏನೂ ಇಲ್ಲ, ಸೋಪಿನಲ್ಲೇ ಮುಗಿಯಿತು. ಏನೂ ಮಾಡದಿದ್ದರೆ ಎಷ್ಟು ಕೊಳಕು ಉಳಿಯುತ್ತದೆ ಎಂದು ಗೊತ್ತಾದರೆ ತಾನೇ, ಮಾಡಿದ್ದರಿಂದ ಎಷ್ಟು ಹೋಯಿತು ಎಂದು ತಿಳಿಯುವುದು? ಈ ಇಪ್ಪತ್ನಾಲ್ಕೂ ಪರೀಕ್ಷೆಗೆ ಮಾತ್ರ, ರೋಗಿಗಳ ಹತ್ತಿರಕ್ಕೂ ಹೋಗುವುದಿಲ್ಲ.

ಅತ್ತೆ ಬಿಳಿ ದಾರವನ್ನು ಬೆರಳಲ್ಲಿ ಎತ್ತಿ ನೋಡಿದರು. "ಇವಕ್ಕೆ ಏನೂ ಮಾಡಲ್ವಾ?"

"ಏನೂ ಮಾಡ್ಬಾರ್ದು ಅತ್ತೆ. ಸುಮ್ನೆ ಇರೋದೇ ಅವುಗಳ ಕೆಲ್ಸ."

"ಸುಮ್ನೆ ಇರೋದೂ ಒಂದು ಕೆಲ್ಸಾನಾ?"

"ನಮ್ಮ ಸೂಪರ್‌ವೈಸರ್ ಅದನ್ನೇ ಮಾಡ್ತಿಲ್ವೇನಮ್ಮಾ?" ಎಂದರು ಇವರು. ಎಷ್ಟು ನಕ್ಕೆ ನಾನು! ಅತ್ತೆ ಮಾತ್ರ ನಗಲಿಲ್ಲ. ಬಿಳಿ ದಾರದ ಕೊಳವೆಗಳನ್ನು ತಿರುಗಿ ತಿರುಗಿ ನೋಡುತ್ತಾ ಹೋದರು.

ಮೂರು ದಿನ ಒಣಗಿಸುವ ಕೋಣೆಯ ಕಪಾಟಿನಲ್ಲಿ ಇಟ್ಟು, ಆಮೇಲೆ ಒಳಗೆ ಶುದ್ಧ ನೀರು ಹರಿಸಿ, ಆ ನೀರಿನ ಹನಿಯನ್ನು ಸೂಕ್ಷ್ಮಾಣುಗಳಿಗೆ ಆಹಾರ ಹಾಕಿದ ಮುಚ್ಚಳದ ಪುಟ್ಟ ತಟ್ಟೆಗೆ ಸವರಿ ಬೆಚ್ಚಗಿಡುವುದು. ಬದುಕಿ ಉಳಿದ ಸೂಕ್ಷ್ಮಾಣುಗಳು ಎರಡು ದಿನದಲ್ಲಿ ಚುಕ್ಕೆಗಳಾಗಿ ಮೇಲೇಳುತ್ತವೆ. ಚುಕ್ಕೆ ಎಣಿಸಿದರೆ ಮುಗಿಯಿತು.

ಜೂನ್ 11 (ಹತ್ತೊಂಬತ್ತನೇ ದಿನ!!!)

ಸೊನ್ನೆ! ಕೆಂಪು ಸೊನ್ನೆ, ನೀಲಿ ಸೊನ್ನೆ, ಬಿಳಿಯೂ ಸೊನ್ನೆ! ಇಪ್ಪತ್ನಾಲ್ಕು ತಟ್ಟೆಯಲ್ಲಿ ಒಂದೇ ಒಂದು ಚುಕ್ಕೆಯಿಲ್ಲ! ಲ್ಯಾಬಿನಲ್ಲಿ ಯಾರೂ ಇಲ್ಲದ್ದು ನೋಡಿ ಒಂದು ಸುತ್ತು ಕುಣಿದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅಮ್ಮನೂ ಫಸ್ಟು, ಮಗನೂ ಫಸ್ಟು. ಇನ್ನು ಯಾರನ್ನು ಮುಚ್ಚುತ್ತಾರೆ ನೋಡೋಣ! ಕೂಡಲೇ ಒಂದೇ ಪುಟದಲ್ಲಿ ಬರೆದು, ಅಡಿಯಲ್ಲಿ ಸ್ಕೇಲಿಟ್ಟು ಗೆರೆ ಹೊಡೆದು ಕೊಟ್ಟುಬಂದೆ.

ಸಂಜೆ ಬಸ್ಸಿನಲ್ಲಿ ಇವರ ಭುಜದ ಮೇಲೆ ತಲೆಯಿಟ್ಟು ನಿದ್ದೆಮಾಡಿ ಸ್ಟಾಪ್ ತಪ್ಪಿಸಿಕೊಂಡೆವು. ಎರಡು ಸ್ಟಾಪಿನಷ್ಟು ಕೈಹಿಡಿದು ವಾಪಸ್ಸು ನಡೆದೆವು. ನನ್ನಂಥ ಭಾಗ್ಯವಂತೆ ಇಲ್ಲ.

ಜೂನ್ 13

ಸುತ್ತೋಲೆ ಬಂತು. ನೋಟಿಸ್ ಬೋರ್ಡಿನಲ್ಲಿ ಓದಿದೆ. "ಸೋಪಿನ ನೀರಿನಲ್ಲಿ ಮಾತ್ರ ತೊಳೆದ ಉಪಕರಣಗಳು ಉಳಿದ ಎರಡು ವಿಧಾನಗಳಷ್ಟೇ ಶುದ್ಧವೆಂದು ಸಾಬೀತಾಗಿರುವುದರಿಂದ, ಜುಲೈ ಒಂದರಿಂದ ತೊಟ್ಟಿ ಹಾಗೂ ಮಷೀನು ಎರಡನ್ನೂ ನಿಲ್ಲಿಸಲಾಗುವುದು."

ಸಾಬೀತಾಗಿರುವುದರಿಂದ. ಸಾಬೀತು ಮಾಡಿದವಳು ನಾನು. ಮೂರು ಸಲ ಓದಿದೆ. ಉಸಿರಾಡಲಾಗದ ಜನರ ಬಾಯಿಗೆ ಜುಲೈ ಒಂದರಿಂದ ಸೋಪು ಹಾಕಿ ತೊಳೆದ ಕೊಳವೆ, ಅಷ್ಟೇ.

ಇವರು ಬಂದು ಪಕ್ಕದಲ್ಲಿ ನಿಂತು ಓದಿದರು. "ಇದೇನೇ ಇದು?" ಎಂದರು.

ಜೂನ್ 14

ಬಿಳಿ ಹೇಗೆ ಸೊನ್ನೆಯಾದೀತು? ಈ ಪ್ರಶ್ನೆ ಹನ್ನೊಂದನೇ ತಾರೀಕೇ ನನ್ನ ತಲೆಗೆ ಬರಬೇಕಿತ್ತು. ಆವತ್ತು ತಲೆ ಎಲ್ಲಿತ್ತೋ.

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಕಪಾಟು ತೆರೆದೆ. ಬಿಳಿ ದಾರದ ಕೊಳವೆಗಳನ್ನು ಒಂದೊಂದಾಗಿ ಮೂಸಿದೆ. ಹುಳಿ ವಾಸನೆ! ಅದು ಅತ್ತೆಯ ಔಷಧಿ ನೀರಿನದು, ಬೇರೆ ಎಲ್ಲೂ ಇಲ್ಲ. ಆಮೇಲೆ ನಾನು ಅಂಟಿಸಿದ್ದ ಲೇಬಲ್ ನೋಡಿದೆ. ಬಿಸಿನೀರಲ್ಲಿ ಬೆಂದು ಹಪ್ಪಳದಂತೆ ಸುರುಟಿಕೊಂಡಿತ್ತು. ಅದು ಮಷೀನು.

ಇಬ್ಬರನ್ನೂ ಒಣಗಿಸುವ ಕೋಣೆಗೆ ಕರೆದು ಕೇಳಿದೆ. ಅತ್ತೆ ಮೊದಲು ಸೆರಗು ಸರಿಮಾಡಿಕೊಂಡರು.

"ಪಾಪ ಅನ್ನಿಸ್ತು ಕಣೇ. ಹದಿನಾರಕ್ಕೆ ಸ್ನಾನ ಮಾಡ್ಸಿ ಎಂಟನ್ನ ಹಾಗೇ ಮಲಗಿಸೋದಾ? ಇಪ್ಪತ್ತೆರಡು ವರ್ಷದಲ್ಲಿ ಒಂದನ್ನೂ ಹಾಗೇ ಬಿಟ್ಟವಳಲ್ಲ ನಾನು. ಮಾರನೇ ದಿನ ಬೆಳಿಗ್ಗೆ ಬಂದು ಒಂದು ಸಲ ಅದ್ದಿ ತೆಗೆದೆ, ಅಷ್ಟೇ."

"ಅಯ್ಯೋ, ನೀನೂ ಅದ್ದಿದ್ಯೇನಮ್ಮಾ?" ಎಂದರು ಇವರು. "ನಾನು ಅದರ ಹಿಂದಿನ ಮಧ್ಯಾಹ್ನಾನೇ ಮಷೀನಿಗೆ ಹಾಕಿದ್ನಲ್ಲ! ಕೊಳಕು ಟ್ಯೂಬ್ ಕಣ್ಣಿಗೆ ಬಿದ್ರೆ ನನ್ ಕೈ ಸುಮ್ನಿರಲ್ಲ."

"ಕೆಂಪು ದಾರದವು?" ಎಂದೆ.

ಇವರು ಗೋಡೆ ನೋಡಿದರು. "ಅಮ್ಮನ ಕೆಲ್ಸ ಹೋಗ್ಬಾರ್ದು ಅಂತ ಅವನ್ನೂ ಒಂದು ರೌಂಡು..."

"ನೀಲಿ?"

ಅತ್ತೆ ನೆಲ ನೋಡಿದರು. "ಇವನು ಎಂಟು ಗಂಟೆ ದೂರ ಹೋಗ್ಬಿಟ್ರೆ ನೀನು ಇಲ್ಲಿ ಒಬ್ಳೇ ಆಗ್ತೀಯಲ್ಲೇ. ಅದಕ್ಕೆ ಅವನ್ನೂ ಅದ್ದಿದೆ."

ಹೀಗೆ ಇಪ್ಪತ್ನಾಲ್ಕೂ ಕೊಳವೆ ತೊಟ್ಟಿಯಲ್ಲೂ ಮುಳುಗಿ, ಮಷೀನಿನಲ್ಲೂ ಬೆಂದಿವೆ. ನನ್ನ ಪರೀಕ್ಷೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ನಾನು ಅಳಬೇಕೋ ನಗಬೇಕೋ ಎಂದು ನಿಂತಿದ್ದರೆ, ಅಮ್ಮ ಮಗ ಆಗಲೇ ಜಗಳಕ್ಕೆ ಬಿದ್ದಿದ್ದರು.

"ಬಿಳೀದು ಸೊನ್ನೆ ಬಂದಿದ್ದು ನನ್ನ ಔಷಧಿಯಿಂದ."

"ನಿನ್ನ ಔಷಧಿ ಏನ್ಮಾಡತ್ತಮ್ಮಾ? ಅದು ಮಷೀನು ಮಾಡಿದ್ದು."

ಜೂನ್ 15

"ಒಂದೇ ಪುಟ"ದ ಎದುರು ನಿಂತೆ.

"ಸಾರ್, ನಾನು ಕೊಟ್ಟಿದ್ದು ತಪ್ಪು."

"ಯಾವ ಸಾಲು?"

"ಇಡೀ ಪುಟ ಸಾರ್. ಬಿಳಿ ದಾರದ ಟ್ಯೂಬಿಗೂ ಔಷಧಿ, ಬಿಸಿನೀರು ಎರಡೂ ಬಿದ್ದಿವೆ. ಸೋಪು ಸಾಕು ಅನ್ನೋದು ಸುಳ್ಳು. ಸುತ್ತೋಲೆ ನಿಲ್ಸಿ."

"ಯಾರು ಮುಟ್ಟಿದ್ದು?"

"ಬೀಗ ಹಾಕದೇ ಇದ್ದವಳು ನಾನು. ನನ್ನ ಹೆಸ್ರು ಬರ್ಕೊಳ್ಳಿ."

ಅವರು ಪೆನ್ನು ಎತ್ತಿ, ಆ ಪುಟದಲ್ಲಿ ಜಾಗ ಹುಡುಕಿ, ಸಿಗದೆ ಪೆನ್ನು ಕೆಳಗಿಟ್ಟರು. "ನಿನ್ನ ಹೆಸ್ರು ಬರೆದ್ರೆ ಎರಡನೇ ಪುಟ ಬೇಕಾಗತ್ತೆ. ಹೋಗಿ ಮತ್ತೆ ಮಾಡು. ಇಪ್ಪತ್ತೈದನೇ ತಾರೀಕಿನೊಳಗೆ ಹೊಸ ಪುಟ ಬರದೇ ಇದ್ರೆ, ಒಂದರಿಂದ ಸೋಪೇ."

ಜೂನ್ 17

ಮತ್ತೆ ಇಪ್ಪತ್ನಾಲ್ಕು ಕೊಳವೆ. ಈ ಸಲ ತೊಟ್ಟಿಯ ಪಕ್ಕ ನಾನೇ ನಿಂತೆ, ಮಷೀನಿನ ಪಕ್ಕವೂ ನಾನೇ ನಿಂತೆ. ಆದ ಕೂಡಲೇ ಕಪಾಟಿಗೆ ಬೀಗ. ಕೀಲಿಯನ್ನು ದಪ್ಪ ದಾರಕ್ಕೆ ಪೋಣಿಸಿ ಕುತ್ತಿಗೆಗೆ ಹಾಕಿಕೊಂಡಿದ್ದೇನೆ.

ಮನೆಗೆ ಬಂದಾಗ ಅತ್ತೆ ಊಟದ ತಟ್ಟೆಯ ಮುಂದೆ ಸುಮ್ಮನೆ ಕುಳಿತಿದ್ದರು. "ಎಂಟು ಕೂಸುಗಳು ಅಲ್ಲಿ ಹಾಗೇ ಮಲಗಿವೆ. ನನಗೆ ಗಂಟಲಲ್ಲಿ ಇಳಿಯಲ್ಲ."

"ಅವು ಟ್ಯೂಬ್ ಅತ್ತೆ."

"ನಿನಗೆ ಕರುಳು ಅನ್ನೋದಿದ್ರೆ ಹಾಗೆ ಅಂತಿರ್ಲಿಲ್ಲ."

ಜೂನ್ 18

ಬೆಳಿಗ್ಗೆ ಎದ್ದ ಕೂಡಲೇ ಅತ್ತೆಯ ಮೊದಲ ಮಾತು: "ಅವು ಒದ್ದೆ ಇದ್ದಾವಾ? ಗಾಳಿ ಆಡತ್ತಾ ಒಳಗೆ?" ಜೈಲಿನಲ್ಲಿರುವ ನೆಂಟರನ್ನು ವಿಚಾರಿಸುವಂತೆ. ಲ್ಯಾಬಿಗೆ ಎರಡು ಸಲ ಬಂದು, ಕೇಳದೆಯೇ ಬಾಗಿಲಲ್ಲಿ ನಿಂತು ಹೋದರು. ಕೈ ತೊಳೆದುಕೊಂಡು ನನ್ನ ಬೆನ್ನು ಹತ್ತಿದ್ದಾರೆ ಎಂದರೆ ಅಕ್ಷರಶಃ ಸತ್ಯ, ಅವರ ಕೈ ಯಾವಾಗಲೂ ತೊಳೆದೇ ಇರುತ್ತದೆ.

ಸಂಜೆ ಇವರು ಹೂವು ತಂದರು. ಮಲ್ಲಿಗೆಯಲ್ಲ, ಬೇರೆ ಯಾವುದೋ, ಚೆನ್ನಾಗಿತ್ತು. ಮುಡಿಸುತ್ತೇನೆ ಎಂದು ಹಿಂದೆ ಬಂದು ನಿಂತರು. ಸ್ವಲ್ಪ ಹೊತ್ತಿಗೆ ಬೆರಳು ಜಡೆಯಿಂದ ಕುತ್ತಿಗೆಯ ದಾರಕ್ಕೆ ಇಳಿಯಿತು.

"ರೀ."

"ಒಂದೇ ಒಂದು ನಿಮಿಷ ಅಂತೆ ಕಣೇ. ಅಮ್ಮ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಯಾರಿಗೂ ಗೊತ್ತಾಗಲ್ಲ."

"ತಟ್ಟೆಗೆ ಗೊತ್ತಾಗತ್ತೆ."

"ಅಷ್ಟೊಂದು ಕಲ್ಲು ಮನಸ್ಸಾ ನಿಂದು? ನಾನು ಗಂಡ ಅಲ್ವಾ?"

ಅವರ ಕೈಯನ್ನು ತೆಗೆದು ಅವರಿಗೇ ವಾಪಸ್ಸು ಕೊಟ್ಟೆ. ಹೂವನ್ನು ಲೋಟದ ನೀರಿನಲ್ಲಿಟ್ಟೆ.

ಜೂನ್ 19

ಇವರು ಮಾತು ಬಿಟ್ಟಿದ್ದಾರೆ. ಮನೆ ನಿಶ್ಶಬ್ದವಾಗಿದೆ. ಲೇಬಲ್ ಬರೆಯಲು ಅನುಕೂಲವಾಯಿತು.

ಜೂನ್ 20

ಇಪ್ಪತ್ನಾಲ್ಕು ತಟ್ಟೆಗೂ ಸವರಿ ಬೆಚ್ಚಗಿಟ್ಟೆ. ತಟ್ಟೆಗಳ ಬೆಚ್ಚನೆಯ ಪೆಟ್ಟಿಗೆಗೂ ಬೀಗ. ಈಗ ಕುತ್ತಿಗೆಯಲ್ಲಿ ಎರಡು ಕೀಲಿ. ನಡೆದರೆ ಸದ್ದಾಗುತ್ತದೆ. ಕಾರಿಡಾರಿನಲ್ಲಿ ವಾರ್ಡಿನ ನರ್ಸ್ ನಿಲ್ಲಿಸಿ, "ಸುತ್ತೋಲೆ ನಿಜಾನಾ? ಮೂರನೇ ಬೆಡ್ಡಿನ ಅಜ್ಜನಿಗೆ ಇನ್ನೂ ಒಂದು ತಿಂಗಳು ಟ್ಯೂಬ್ ಬೇಕು" ಎಂದರು. ನಾನು, "ಇಪ್ಪತ್ತೆರಡಕ್ಕೆ ಹೇಳ್ತೀನಿ" ಎಂದೆ.

ಜೂನ್ 22

ಬಿಳಿ: ಎಂಟಕ್ಕೆ ಎಂಟೂ ತುಂಬಿಕೊಂಡಿವೆ. ಎಣಿಸಲು ಸಾಧ್ಯವೇ ಇಲ್ಲ. ಒಂದು ತಟ್ಟೆಯನ್ನು ಮುಚ್ಚಳ ತೆಗೆಯದೆಯೇ ಇವರಿಗೆ ತೋರಿಸಿದೆ. ನೋಡಿ, ಎರಡು ಹೆಜ್ಜೆ ಹಿಂದೆ ಸರಿದು, ಮೂರು ದಿನದಲ್ಲಿ ಮೊದಲ ಸಲ ಬಾಯಿ ಬಿಟ್ಟರು: "ಇದಾ ಸೋಪು?"

"ಇದೇ ಸೋಪು."

ನೀಲಿ: ಎಂಟೂ ಸೊನ್ನೆ.

ಕೆಂಪು: ಆರು ಸೊನ್ನೆ. ಎರಡರಲ್ಲಿ ಚುಕ್ಕೆಗಳು. ಒಂದರಲ್ಲಿ ನಲವತ್ತೊಂದು, ಇನ್ನೊಂದರಲ್ಲಿ ಅರವತ್ತಾರು.

ಮತ್ತೆ ಎಣಿಸಿದೆ. ನಲವತ್ತೊಂದು, ಅರವತ್ತಾರು.

ಇವರು ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದರು. ಗೆದ್ದವರು ಇವರೇ. ಆದರೂ, "ಅಮ್ಮನಿಗೆ ಹೇಳ್ಬೇಡ ಕಣೇ" ಎಂದರು.

ಜೂನ್ 23

ಹೇಳುವ ಮೊದಲು ಕಾರಣ ತಿಳಿಯಬೇಕಿತ್ತು. ಔಷಧಿ ಹೊಸದು, ಸಮಯ ಸರಿ, ಅತ್ತೆಯ ಕೈ ಸುಳ್ಳಾಡುವ ಕೈಯಲ್ಲ. ಹಾಗಾದರೆ ಎರಡು ಹೇಗೆ ಉಳಿದವು?

ತೊಟ್ಟಿಯ ಕೋಣೆಗೆ ಹೋಗಿ, "ಒಂದು ಟ್ಯೂಬ್ ಅದ್ದಿ ಅತ್ತೆ, ಮುಚ್ಚಳ ಹಾಕ್ಬೇಡಿ" ಎಂದೆ. ವಾಸನೆಗೆ ಕಣ್ಣು ಉರಿಯುತ್ತದೆಂದು ಅವರು ಯಾವಾಗಲೂ ಅದ್ದಿದ ಕೂಡಲೇ ಮುಚ್ಚಳ ಎಳೆಯುತ್ತಾರೆ. ಇಬ್ಬರೂ ಬಗ್ಗಿ ನೋಡಿದೆವು. ಕೊಳವೆ ಮುಳುಗಿತ್ತು. ಆದರೆ ನಡುವೆ ಅದು ಗೂನುಬೆನ್ನಿನಂತೆ ಮೇಲೇಳುವ ಕಡೆ, ಒಳಗಿನ ಸುಕ್ಕುಗಳಲ್ಲಿ, ಬೆಳ್ಳಗೆ ಒಂದು ಗೆರೆ.

"ಅದೇನೇ ಅದು?"

"ಗಾಳಿ. ಒಳಗೆ ಸಿಕ್ಕಿಹಾಕ್ಕೊಂಡಿದೆ. ಗಾಳಿ ಇರೋ ಕಡೆಗೆ ಔಷಧಿ ಹೋಗಿರಲ್ಲ."

ಅತ್ತೆ ಕೈಗವಸಿನ ಕೈಯಿಂದ ಕೊಳವೆಯ ಒಂದು ತುದಿ ಎತ್ತಿದರು. ದೊಡ್ಡದೊಂದು ಗುಳ್ಳೆ ಸದ್ದು ಮಾಡಿ ಹೊರಗೆ ಬಂತು. ಬೆಳ್ಳನೆಯ ಗೆರೆ ಮಾಯವಾಯಿತು. ಅವರು ಇನ್ನೊಂದು ಕೊಳವೆ ಅದ್ದಿದರು. ಗೆರೆಯಿಲ್ಲ. ಇನ್ನೊಂದು. ಇಲ್ಲ. ನಾಲ್ಕನೆಯದರಲ್ಲಿ ಇತ್ತು.

ಅತ್ತೆ ತೊಟ್ಟಿಯ ಅಂಚು ಹಿಡಿದುಕೊಂಡರು.

"ಇಪ್ಪತ್ತೆರಡು ವರ್ಷ," ಎಂದರು. ಆಮೇಲೆ, "ಎಷ್ಟು ಜನಕ್ಕೆ ಹೋಗಿರಬಹುದೇ?"

ಗೊತ್ತಿಲ್ಲ ಎಂದೆ. ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ಸಮಾಧಾನಕ್ಕೆ ಹೇಳಬಹುದಾದ ಯಾವ ಮಾತೂ ನಿಜವಾಗಿರಲಿಲ್ಲ, ಹಾಗಾಗಿ ಅವರ ಕೈಗವಸು ಬಿಚ್ಚಿ, ಕೂರಲು ಸ್ಟೂಲು ಎಳೆದುಕೊಟ್ಟೆ.

ಜೂನ್ 24

ಊಟದ ಮೇಜಿನ ಮೇಲೆ ವರದಿ ಬರೆಯುತ್ತಿದ್ದೆ. ಇವರು ಎದುರು ಕುಳಿತು ನನ್ನ ಪೆನ್ನನ್ನೇ ಕಾಯುತ್ತಿದ್ದರು.

"ತೊಟ್ಟಿ 'ಬಹುತೇಕ ಶುದ್ಧ' ಅಂತ ಬರಿ ಸಾಕು," ಎಂದರು. "ಸುಳ್ಳೇನಲ್ವಲ್ಲ? ಎಂಟರಲ್ಲಿ ಆರು ಬಹುತೇಕಾನೇ. ಸೋಪು ಬೇಡ ಅಂತ ಆದ್ರೆ ಮುಗೀತು, ಮಷೀನೂ ಉಳಿಯತ್ತೆ, ಅಮ್ಮನೂ ಉಳೀತಾಳೆ."

ಕೈ ನಿಂತಿತು, ಒಪ್ಪಿಕೊಳ್ಳುತ್ತೇನೆ. ಹಾವು, ಕೋಲು ಎರಡೂ ಮತ್ತೆ ಕಣ್ಣ ಮುಂದೆ ಬಂದವು.

ಅಡುಗೆಮನೆಯಿಂದ ಅತ್ತೆಯ ದನಿ: "ಬಹುತೇಕ ಅಂದ್ರೆ ಏನೋ? ನಿನ್ನ ಬಾಯಿಗೆ ಹಾಕ್ಲಾ ಬಹುತೇಕದ ಟ್ಯೂಬು?"

ಅತ್ತೆ ಕೈ ಒರೆಸಿಕೊಳ್ಳುತ್ತಾ ಬಂದು ನನ್ನ ಪಕ್ಕ ನಿಂತರು.

"ಎಂಟರಲ್ಲಿ ಎರಡು ಫೇಲು ಅಂತ ಬರಿ. ದಪ್ಪಕ್ಷರದಲ್ಲಿ ಬರಿ. ಆ ಮನುಷ್ಯ ಒಂದೇ ಪುಟ ಓದೋದು, ಮೊದಲ್ನೇ ಸಾಲಲ್ಲೇ ಇರ್ಲಿ."

ಮೊದಲನೇ ಸಾಲಿನಲ್ಲೇ ಬರೆದೆ. ಎರಡನೇ ಸಾಲಿನಲ್ಲಿ ಸೋಪಿನ ವಿಚಾರ. ಮೂರನೆಯದರಲ್ಲಿ ಗುಳ್ಳೆ. ಅತ್ತೆ ಸಂಜೆ ಎರಡು ಸಲ ಬಡಿಸಿಕೊಂಡು ಊಟ ಮಾಡಿದರು. ಆಮೇಲೆ ಹೋಗಿ ಮಲಗಿದರು, ಚಮಚ ನೆನೆಹಾಕಲಿಲ್ಲ. ನಾನು ಹಾಕಿದೆ.

ಜುಲೈ 1

ಸುತ್ತೋಲೆ ಬದಲಾಗಿದೆ. ಮಷೀನು ಉಳಿಯಿತು. ತೊಟ್ಟಿ ಮುಚ್ಚಿತು. ಅತ್ತೆಗೆ ಲಾಂಡ್ರಿಯಲ್ಲ, ಮಷೀನ್ ರೂಮು. ಕೊಳವೆ ಜೋಡಿಸಿ ಕೊಡುವ ಕೆಲಸ. ಕಾಗದದ ಮೇಲೆ ಮಗನ ಕೈಕೆಳಗೆ.

ಬೆಳಿಗ್ಗೆ ತೊಟ್ಟಿಯ ನೀರನ್ನು ಅವರೇ ಬಿಟ್ಟರಂತೆ, ಯಾರನ್ನೂ ಹತ್ತಿರ ಸೇರಿಸಲಿಲ್ಲವಂತೆ. ಹತ್ತು ಗಂಟೆಗೆ ನಾನು ಮಷೀನ್ ರೂಮಿಗೆ ಹೋದಾಗ, ಅವರು ಗಾಜಿನ ಕಿಂಡಿಗೆ ಮುಖ ಒತ್ತಿ ನಿಂತಿದ್ದರು. ಒಳಗೆಲ್ಲ ಹಬೆ.

"ಬಾಗ್ಲು ಹಾಕ್ಕೊಂಡ್ಮೇಲೆ ಒಳಗೇನಾಗತ್ತೆ ಅಂತ ನೀನು ನೋಡಿದೀಯೇನೋ?"

"ಯಾರೂ ನೋಡಕ್ಕಾಗಲ್ಲಮ್ಮಾ, ಎಂಬತ್ತು ಡಿಗ್ರಿ. ನೀರು ಟ್ಯೂಬಿನ ಒಳಗಿಂದ್ಲೇ ಹೊಡೆಯತ್ತೆ, ಕಂಪನಿಯವರು ಹೇಳಿದಾರೆ."

"ನಾನೂ ಇಪ್ಪತ್ತೆರಡು ವರ್ಷ ಮುಚ್ಚಳ ಹಾಕಿದ್ಮೇಲೆ ನೋಡಿರ್ಲಿಲ್ಲ."

ಇವರು ಸಹಾಯಕ್ಕಾಗಿ ನನ್ನ ಕಡೆ ತಿರುಗಿದರು. ಹುಬ್ಬು ಕೂಡ ಹಾರಿಸಿದರು. "ನೀನಾದ್ರೂ ಹೇಳೇ. ಎಂಟಕ್ಕೆ ಎಂಟೂ ಪಾಸಾಗಿದೆ ತಾನೇ?"

"ಎಂಟು ಸಾಲದು ರೀ," ಎಂದೆ. "ನಲವತ್ತು ಮಾಡೋಣ."

ಅತ್ತೆ ಆಗಲೇ ಬುಟ್ಟಿಯಿಂದ ಕೊಳವೆಗಳನ್ನು ಎಣಿಸಿ ಒಂದು ಪಕ್ಕಕ್ಕೆ ಇಡತೊಡಗಿದ್ದರು.